ನಾಯಿ ಇಲ್ಲದ ಮನೆಯ ಪದ

ಹುಲೆಪ್ಪನ ಡೊಳ್ಳಿನ ಮೇಳ ಸತತ ಮೂರು ವರ್ಷ ಸೋತಿತ್ತು. ಮೂರು ಸಲವೂ ಸೋಲಿಸಿದವನು ಒಬ್ಬನೇ, ತೇರದಾಳದ ಲಗಮಪ್ಪ.

ಲೋಕಾಪುರದ ಆಚೆ ಬೀರೇಶ್ವರನ ಗುಡಿಯೊಂದಿದೆ. ವರ್ಷಕ್ಕೊಮ್ಮೆ ಅಮಾವಾಸ್ಯೆಯ ಮಧ್ಯಾಹ್ನ ಅದರ ಮುಂದಿನ ಬಯಲಿನಲ್ಲಿ ಎರಡು ಮೇಳಗಳು ಎದುರುಬದುರು ನಿಂತು ಹಾಡುತ್ತವೆ. ಒಂದು ಮೇಳ ಕಥೆಯೊಂದನ್ನು ಪದ ಕಟ್ಟಿ ಹಾಡಿ, ಅದರ ಗಂಟನ್ನು ಮಾತ್ರ ಬಿಚ್ಚದೆ ಸವಾಲು ಹಾಕಬೇಕು. ಎದುರಿನ ಮೇಳ ಅದನ್ನು ಬಿಚ್ಚಿ ಹಾಡಬೇಕು. ಬಿಚ್ಚಲಾಗದಿದ್ದರೆ ಡೊಳ್ಳು ಇಳಿಸಿ ಕೂಡಬೇಕು. ಲಗಮಪ್ಪನಿಗೆ ಪುರಾಣಗಳೆಲ್ಲ ಬಾಯಿಪಾಠ. ಹುಲೆಪ್ಪ ಯಾವ ದೇವರ ಯಾವ ಅವತಾರ ಹಿಡಿದು ಹೊರಟರೂ ಆ ಹಾದಿಯಲ್ಲಿ ಲಗಮಪ್ಪ ಮೊದಲೇ ಹೋಗಿ ಕೂತಿರುತ್ತಿದ್ದ.

ಹುಲೆಪ್ಪನ ಮಗಳು ಮಾಲಾ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುತ್ತಿದ್ದಳು. ಬಿಎಸ್ಸಿ ಮುಗಿಸಿ ಎರಡು ವರ್ಷವಾಗಿತ್ತು. ಅಪ್ಪನ ಮೇಳಕ್ಕೆ ಅವಳೂ ಪದ ಕಟ್ಟಿಕೊಟ್ಟಿದ್ದುಂಟು. ಹೋದ ವರ್ಷದ ಪದದಲ್ಲಿ ಅರ್ಧಕ್ಕರ್ಧ ನುಡಿ ಅವಳದೇ. ಆದರೆ ಡೊಳ್ಳಿನ ಪದಕ್ಕೊಂದು ಪದ್ಧತಿಯಿದೆ. ಕೊನೆಯ ನುಡಿಯಲ್ಲಿ ಊರ ಹೆಸರು, ಗುರುವಿನ ಹೆಸರು, ಪದ ಕಟ್ಟಿದವರ ಹೆಸರು ಬರಬೇಕು. ಹೋದ ವರ್ಷ ಆ ಜಾಗದಲ್ಲಿ ಹುಲೆಪ್ಪ ತನ್ನ ಹೆಸರನ್ನೇ ಹಾಡಿದ್ದ. ಮೋಸ ಮಾಡಬೇಕೆಂದಲ್ಲ. ಇಪ್ಪತ್ತೈದು ವರ್ಷ ಆ ಜಾಗದಲ್ಲಿ ಅದೇ ಹೆಸರು ಬಂದಿತ್ತು, ಬಾಯಿಗೆ ಅದೇ ರೂಢಿಯಾಗಿತ್ತು. ಹೆಂಗಸರ ಸಾಲಿನಲ್ಲಿ ಕೂತು ಕೇಳುತ್ತಿದ್ದ ಮಾಲಾ ಏನೂ ಅಂದಿರಲಿಲ್ಲ. ಮನೆಗೆ ಬಂದು ಊಟ ಬೇಡ ಅಂದಿದ್ದಳು, ಅಷ್ಟೇ. ಯಾಕೆಂದು ಯಾರೂ ಕೇಳಿರಲಿಲ್ಲ.

ಈ ವರ್ಷ ಅವಳು ಮೊದಲೇ ಮಾತಾಡಿದಳು. ಹುಲೆಪ್ಪ ಅಂಗಳದಲ್ಲಿ ಡೊಳ್ಳಿನ ಹಗ್ಗ ಬಿಗಿಯುತ್ತಿದ್ದ.

"ಅಪ್ಪಾ, ನನ್ನ ಕಡೆ ಒಂದು ಕಥಿ ಐತಿ. ಲಗಮಪ್ಪ ಹುಟ್ಟಿದಾಗಿಂದ ಕೇಳಿರಂಗಿಲ್ಲ. ಪೂರಾ ಪದ ನಾನ ಕಟ್ಟತೇನಿ. ಆದ್ರ ಕಡೀ ನುಡಿಯಾಗ ನನ್ನ ಹೆಸರ ಬರಬೇಕು."

ಹುಲೆಪ್ಪ ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಬಿಟ್ಟು ಹೇಳಿದ: "ಅವರಿಗೆ ಜವಾಬು ಬರಲಿಲ್ಲಂದ್ರ ನಿನ್ನ ಹೆಸರ ಹಾಡತೇನಿ. ಬಂತಂದ್ರ ನಂದ ಹಾಡತೇನಿ."

"ಯಾಕ?"

"ಸೋತ ಪದದ ಮ್ಯಾಲೆ ನಿನ್ನ ಹೆಸರ ಯಾಕ್ ಬೇ? ಅದಕ ನಾ ಅದೇನಲ್ಲ."

ಇದು ಕರುಣೆಯೋ ಜಿಪುಣತನವೋ ಎಂದು ಮಾಲಾಗೆ ತಿಳಿಯಲಿಲ್ಲ. ಒಪ್ಪಿಕೊಂಡಳು.

ಕಥೆ ಸಿಕ್ಕಿದ್ದು ಜಮಖಂಡಿಯಲ್ಲಿ, ಅವಳು ಓದುವಾಗ ಇದ್ದ ಹಾಸ್ಟೆಲಿನ ಲೈಬ್ರರಿಯಲ್ಲಿ. ಲೈಬ್ರರಿ ಅಂದರೆ ಎರಡು ಕಬ್ಬಿಣದ ಕಪಾಟು. ಒಂದರಲ್ಲಿ ನೌಕರಿ ಪರೀಕ್ಷೆಯ ಗೈಡುಗಳು, ಇನ್ನೊಂದರಲ್ಲಿ ಯಾರೂ ಕೇಳದ ಪುಸ್ತಕಗಳು. ಆ ಎರಡನೆಯದರಲ್ಲಿ ಕನ್ನಡಕ್ಕೆ ಬಂದಿದ್ದ ಒಂದು ಜಪಾನಿ ಕಾದಂಬರಿಯಿತ್ತು. ಮೇಲಿನ ರಟ್ಟು ಹರಿದು ಹೋಗಿತ್ತು, ಬರೆದವರ ಹೆಸರೂ ರಟ್ಟಿನ ಜೊತೆ ಹೋಗಿತ್ತು. ಪರೀಕ್ಷೆಯ ಹಿಂದಿನ ವಾರ ಮಾಲಾ ಅದನ್ನು ಎರಡು ಸಲ ಓದಿದ್ದಳು. ಕೊಲೆ ಮಾಡಿದವರು ಯಾರೆಂದು ತಿಳಿದ ಮೇಲೂ ಹೆದರಿಕೆ ಹೋಗದಂಥ ಪುಸ್ತಕ ಅವಳು ಓದಿದ್ದು ಅದೊಂದೇ.

ಕಥೆ ಇಷ್ಟು. ಸಮುದ್ರದ ದಂಡೆಯ ಒಂದು ಹಳ್ಳಿ. ಮೀನು ಹಿಡಿಯಲು ಹೋದ ಗಂಡ ತಿರುಗಿ ಬರಲಿಲ್ಲ. ದೋಣಿಯೊಂದೇ ತೇಲುತ್ತ ಸಿಕ್ಕಿತು. ಎರಡು ವರ್ಷದ ಮೇಲೆ ಒಬ್ಬ ಗಂಡಸು ಬಂದು ನಾನೇ ನಿನ್ನ ಗಂಡ ಅನ್ನುತ್ತಾನೆ. ಹಾಗೇ ಇದ್ದಾನೆ, ಗಾಯದ ಕಲೆಯೂ ಅದೇ ಜಾಗದಲ್ಲಿದೆ. ಹೆತ್ತ ತಾಯಿ ಒಪ್ಪುತ್ತಾಳೆ, ಊರು ಒಪ್ಪುತ್ತದೆ, ಪೊಲೀಸರೂ ಒಪ್ಪುತ್ತಾರೆ. ಹೆಂಡತಿ ಮಾತ್ರ ಮನಸ್ಸಿನಲ್ಲೇ ಇವನಲ್ಲ ಅನ್ನುತ್ತಾಳೆ, ಬಾಯಿ ಬಿಡುವುದಿಲ್ಲ. ಗಂಡ ಮುಟ್ಟದಿದ್ದ ಅಡುಗೆಯನ್ನೇ ಮಾಡಿ ಬಡಿಸುತ್ತಾಳೆ. ಅವನು ಬಾಯಿ ಚಪ್ಪರಿಸಿ ಉಣ್ಣುತ್ತಾನೆ, ಉಣ್ಣುತ್ತ ಅವಳನ್ನೇ ನೋಡುತ್ತಾನೆ. ಇನ್ನೂರು ಪುಟ ಹೀಗೇ ಹೋಗುತ್ತದೆ. ಕೊನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ದಿನಾ ಹೊಡೆಯುತ್ತಿದ್ದ ಗಂಡನನ್ನು ಅವಳೇ ಕೊಂದು ಹೂತು, ದೋಣಿಯನ್ನು ಬಿಟ್ಟುಬಂದಿರುತ್ತಾಳೆ. ಇವನು ಗಂಡನಲ್ಲ ಅನ್ನುವುದು ಇಡೀ ಊರಿನಲ್ಲಿ ಖಾತ್ರಿಯಾಗಿ ಗೊತ್ತಿರುವುದು ಅವಳೊಬ್ಬಳಿಗೆ. ಹೇಳುವಂತಿಲ್ಲ. ಹೇಳಲಾರಳು ಎಂಬುದು ಬಂದವನಿಗೂ ಗೊತ್ತು.

ಮಾಲಾ ಇದನ್ನು ಕುರುಬರ ಕಥೆ ಮಾಡಿದಳು. ಸಮುದ್ರದ ಬದಲು ಕೃಷ್ಣಾ ಹೊಳೆ. ಗಂಡ ಕುರಿಗೆ ಮೇವಿರುವ ಜಾಗ ನೋಡಿಬರಲು ನಸುಕಿನಲ್ಲೇ ಒಬ್ಬನೇ ಹೋದ, ಹೊಳೆಯ ದಂಡೆಯಲ್ಲಿ ಅವನ ಕಂಬಳಿ ಸಿಕ್ಕಿತು, ಎರಡು ವರ್ಷದ ಮೇಲೆ ತಿರುಗಿ ಬಂದ. ಗಂಡನಿಗೆ ಸೇರದ ಅಡುಗೆ ಪುಂಡಿಪಲ್ಲೆಯಾಯಿತು. ಕಥೆ ಎಲ್ಲಿಯದೆಂಬುದನ್ನು ಮುಚ್ಚಿಡಲಿಲ್ಲ. ಮೂಡಣ ದೇಶದ ಕಥೆ, ನಮ್ಮ ನಾಡಿಗೆ ತಂದೇವೆಂದು ಮೊದಲ ನುಡಿಯಲ್ಲೇ ಹಾಕಿದಳು. ಸವಾಲಿನ ನುಡಿ ಹೀಗೆ ಬಂತು:

ಕಂಬಳಿ ಹೊತ್ತು ಕುರುಬ ಬಂದರ ಕರದಾರ ಊರವರು
ಹೌದೋ ಹೌದೋ ನಮ್ಮಾಂವ ಇವನು ಅಂದಾರ ಹಿರಿಯವರು
ಒಬ್ಬಾಕಿ ಮಾತ್ರ ಅಲ್ಲೋ ಅಲ್ಲೋ ಅಂದಾಳ ಮನದಾಗ
ಬಾಯಿ ಬಿಡದಾಕಿ ಬಲ್ಲಳ ಹೆಂಗ, ಹೇಳರಿ ಸಭೆದಾಗ

ತಾಲೀಮಿನ ಮೊದಲ ದಿನ ಹುಲೆಪ್ಪ ಇದನ್ನು ಎರಡು ಸಲ ಹಾಡಿ ನೋಡಿ, ಛಲೋ ಕುಂತೈತಿ ಅಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಆಮೇಲೆ ಮಾಲಾ ಜವಾಬನ್ನೂ ಬಿಚ್ಚಿ ಹೇಳಿದಳು. ಮೇಳದವರು ತಲೆದೂಗಿದರು. ಡೊಳ್ಳು ಬಾರಿಸುವ ಸಾಬಣ್ಣ ಮಾತ್ರ ಎಲೆಅಡಿಕೆ ಜಗಿಯುತ್ತ ಏನೋ ಲೆಕ್ಕ ಹಾಕುತ್ತಿದ್ದ. ಅರವತ್ತು ದಾಟಿದವನು, ಹುಟ್ಟಿದಾಗಿನಿಂದ ಕುರಿ ಹಿಂದೆ ತಿರುಗಿದವನು.

"ಎಲ್ಲಾ ಖರೆ," ಅಂದ. "ನಾಯಿ ಏನ ಮಾಡ್ತು?"

ಯಾವ ನಾಯಿ ಎಂದು ಮಾಲಾ ಕೇಳಿದಳು.

"ಕುರುಬರ ಮನ್ಯಾಗ ನಾಯಿ ಇರಲ್ದ ಇರತೈತೇನ್ ತಂಗಿ? ಬಂದಾಂವ ಬ್ಯಾರೆ ಇದ್ದನಂದ್ರ ನಾಯಿ ಹರಕೊಂಡ ತಿಂತೈತಿ. ಊರಿಗೆಲ್ಲಾ ಆವತ್ತ ತಿಳೀತೈತಿ. ಬಾಲ ಅಲ್ಲಾಡಿಸಿತಂದ್ರ ಅಂವ ಖರೆ ಗಂಡನ. ಎರಡರಾಗ ಒಂದು. ನಿನ್ನ ಸವಾಲು ಎಲ್ಲಿ ಉಳೀತು?"

ಪುಸ್ತಕದಲ್ಲಿ ನಾಯಿ ಇಲ್ಲ ಕಾಕಾ ಎಂದು ಮಾಲಾ ಹೇಳಿ ನೋಡಿದಳು. ಹಂಗಾದ್ರ ಅವರು ಕುರುಬರಲ್ಲ ಎಂದು ಸಾಬಣ್ಣ ಅಂದ. ಎಲ್ಲರೂ ನಕ್ಕರು, ಅವಳಿಗೂ ನಗು ಬಂತು. ಆದರೆ ಮಾತು ಸರಿಯಾಗಿತ್ತು. ಇದೇ ಪ್ರಶ್ನೆಯನ್ನು ಲಗಮಪ್ಪ ಬಯಲಿನಲ್ಲಿ ನಿಂತು ಕೇಳಿದರೆ ಪದ ಅಲ್ಲೇ ಮುರಿದು ಬೀಳುತ್ತಿತ್ತು. ಮೀನುಗಾರರ ಕಥೆಯನ್ನು ಕುರುಬರ ಮನೆಗೆ ತಂದು ನಾಯಿಯನ್ನು ಮರೆತಿದ್ದಳು, ಅದೂ ಕುರುಬರ ಮನೆಯಲ್ಲೇ ಹುಟ್ಟಿದವಳು. ಹಾಸ್ಟೆಲು, ಕಾಲೇಜು, ಲ್ಯಾಬು ಎಂದು ಏಳು ವರ್ಷ ಕಳೆದಿದ್ದವು. ಅವಳ ಮನೆಯ ಕುರಿ ಮಾರಿಯೇ ನಾಲ್ಕು ವರ್ಷವಾಗಿತ್ತು.

ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಿತ್ತು. ಏನಾದರೂ ದಾರಿ ಸಿಕ್ಕೀತೆಂದು ಮಾಲಾ ಆ ಕಾದಂಬರಿಯ ಬಗ್ಗೆ ಫೋನಿನಲ್ಲಿ ಹುಡುಕಿದಳು. ಅದು ಸಿನಿಮಾ ಆಗಿತ್ತು. ರವಿವಾರ ಮಧ್ಯಾಹ್ನ ಕೂತು ಪೂರಾ ನೋಡಿದಳು. ಸಮುದ್ರ, ಹಿಮ, ಹೆಂಡತಿಯ ಪಾತ್ರದವಳ ಮುಖ, ಎಲ್ಲ ಚೆನ್ನಾಗಿದ್ದವು. ಆದರೆ ಕೊನೆಯನ್ನು ಬದಲಿಸಿದ್ದರು. ಒಬ್ಬ ಡಾಕ್ಟರು ಬಂದು ಹತ್ತು ನಿಮಿಷ ವಿವರಿಸುತ್ತಾನೆ. ಹೆಂಡತಿಗೆ ಮನೋರೋಗ, ಕೊಂದೆನೆಂಬುದು ಅವಳ ಭ್ರಮೆ, ಬಂದವನು ನಿಜವಾದ ಗಂಡನೇ. ಇಬ್ಬರೂ ದಂಡೆಯ ಮೇಲೆ ಕೈ ಹಿಡಿದು ನಡೆಯುತ್ತಾರೆ. ಮಾಲಾಗೆ ಸಿಟ್ಟು ಬಂತು. ಹೆಂಗಸು ಕೊಂದಳು ಅನ್ನುವುದಕ್ಕಿಂತ ಅವಳಿಗೆ ಹುಚ್ಚು ಅನ್ನುವುದು ಸಿನಿಮಾದವರಿಗೆ ಸಲೀಸಾಗಿತ್ತು. ಹೊಡೆಯುತ್ತಿದ್ದ ಗಂಡ ಎರಡು ವರ್ಷ ಸಮುದ್ರದಲ್ಲಿ ನೆನೆದು ಒಳ್ಳೆಯವನಾಗಿ ಬಂದನೆಂದು ನಂಬಬೇಕಾಗಿತ್ತು. ಅಲ್ಲಿಯೂ ನಾಯಿಯ ಸುದ್ದಿ ಇರಲಿಲ್ಲ.

ದಾರಿ ತೋರಿಸಿದವಳು ಅವ್ವ ಅನ್ನವ್ವ. ತೋರಿಸುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಮಗಳ ತಕರಾರು ಕೇಳಿಸಿಕೊಂಡು, ತನ್ನ ಮಾವ ತೀರಿಕೊಂಡಾಗಿನ ಸಂಗತಿ ಹೇಳಿದಳು. ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವನ ನಾಯಿ ಮೂರು ದಿನ ಆ ಮಣ್ಣಿನ ಮೇಲೆ ಮಲಗಿತ್ತು. ರೊಟ್ಟಿ ಹಾಕಿದರೂ ಮುಟ್ಟಲಿಲ್ಲ. ಕೊನೆಗೆ ಹಗ್ಗ ಹಾಕಿ ಎಳೆದುತಂದು, ಬೀಳಗಿಯ ಕಡೆ ಸಂಬಂಧಿಕರ ಹಿಂಡಿಗೆ ಕೊಟ್ಟು ಕಳಿಸಿದರು.

"ಇಲ್ಲೇ ಇಟ್ಟಿದ್ರ ದಿನಾ ಅಲ್ಲೇ ಹೋಗಿ ಕುಂದರತಿತ್ತು," ಎಂದಳು ಅನ್ನವ್ವ. "ನೋಡಿದಾವ್ರಿಗೆಲ್ಲಾ ಅದ ನೆಪ್ಪ."

ಮಾಲಾ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು.

ಹೆಂಡತಿ ಗಂಡನನ್ನು ಹೂತಿದ್ದು ಹಿತ್ತಿಲ ತಿಪ್ಪೆಯಲ್ಲಿ. ನಾಯಿ ಅದರ ಮೇಲಿಂದ ಏಳಲಿಲ್ಲ. ಅವಳು ನಾಯಿಯನ್ನು ದೂರದ ತವರಿಗೆ ಸಾಗಿಸಿದಳು. ಆದ್ದರಿಂದ ಬಂದವನನ್ನು ಗುರುತಿಸಲು ಮನೆಯಲ್ಲಿ ನಾಯಿಯೇ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಯಾರಾದರೂ ಕೇಳಿದರೆ ಮಾತ್ರ ಎಲ್ಲ ಹೊರಬೀಳುತ್ತದೆ. ಈಗ ಕಥೆ ಪುಸ್ತಕದಲ್ಲಿದ್ದುದಕ್ಕಿಂತ ಬಿಗಿಯಾಗಿದೆ ಎಂದು ಮಾಲಾಗೆ ಅನ್ನಿಸಿತು. ಆದರೆ ಕೇಳುವವರಿಗೆ ಸುಳಿವು ಬಿಡದಿದ್ದರೆ ಅದು ಸವಾಲಲ್ಲ, ಬರೀ ಮೋಸ. ಮೂರನೆಯ ನುಡಿಯಲ್ಲಿ ಮನೆಯ ವರ್ಣನೆಯಿತ್ತು. ಅಲ್ಲಿ ಎರಡು ಸಾಲು ಸೇರಿಸಿದಳು:

ಬಾಗಿಲಿಗೆ ಕಂಬಳಿ, ಮೂಲಿಗೆ ಬೀಸುಕಲ್ಲ
ಗೂಟಕ್ಕ ಸರಪಳಿ ಐತಿ, ನಾಯಿ ಮಾತ್ರ ಇಲ್ಲ

ಸಾಬಣ್ಣ ಇದನ್ನು ಕೇಳಿ ಜಗಿಯುವುದನ್ನು ನಿಲ್ಲಿಸಿದ. ಆಮೇಲೆ ಡೊಳ್ಳು ಎಳೆದುಕೊಂಡು, ಹಾಡ್ರಿ ಅಂದ.

ಅಮಾವಾಸ್ಯೆಯ ದಿನ ಬಯಲಿನಲ್ಲಿ ಐನೂರು ಜನ ಸೇರಿದ್ದರು. ನ್ಯಾಯ ಹೇಳಲು ಮೂವರು ಪಂಚರು, ಅವರಲ್ಲಿ ಹಿರಿಯ ನಿವೃತ್ತ ಮಾಸ್ತರ ರಾಮಣ್ಣ. ಸವಾಲು ಹಾಕುವ ಸರದಿ ಹುಲೆಪ್ಪನದಾಗಿತ್ತು. ಮೊದಲ ನುಡಿಗೆ ಜನ ಕತ್ತು ಎತ್ತಿದರು, ಯಾವ ದೇವರೂ ಬರಲಿಲ್ಲವಲ್ಲ ಎಂದು. ಪುಂಡಿಪಲ್ಲೆಯ ನುಡಿಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರಪಳಿಯ ಸಾಲು ಬಂದಾಗ ಮಾಲಾ ಲಗಮಪ್ಪನನ್ನೇ ನೋಡುತ್ತಿದ್ದಳು. ಅವನು ರುಮಾಲಿನ ಕೆಳಗೆ ಕಣ್ಣು ಮುಚ್ಚಿಕೊಂಡಿದ್ದ. ಸವಾಲಿನ ನುಡಿಯನ್ನು ಹುಲೆಪ್ಪ ಮೂರು ಸಲ ಹಾಡಿ ನಿಲ್ಲಿಸಿದ.

ಜವಾಬಿಗೆ ಅರ್ಧ ತಾಸು ಕೊಡುವುದು ರೂಢಿ. ಎರಡು ನಿಮಿಷವೂ ಆಗಿರಲಿಲ್ಲ, ಲಗಮಪ್ಪನ ಮೇಳದಿಂದ ಸಂಜು ಎದ್ದ. ಲಗಮಪ್ಪನ ಅಳಿಯ, ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವವನು. ಮಗ್ಗ ನಡೆಯುವಾಗ ಮುಂದೆ ಫೋನಿಟ್ಟುಕೊಂಡು ಸಿನಿಮಾ ನೋಡುವುದು ಅವನ ಚಟ. ಸಪ್ಪಳದಲ್ಲಿ ಮಾತು ಕೇಳದ್ದರಿಂದ ಕೆಳಗೆ ಬರುವ ಅಕ್ಷರ ಓದಿಕೊಂಡು ನೋಡುತ್ತಿದ್ದ. ಹಾಗೆ ನೋಡುವವನಿಗೆ ಎಲ್ಲ ದೇಶದ ಸಿನಿಮಾಗಳೂ ಒಂದೇ.

"ಮಾವಾರ, ತ್ರಾಸ ತಗೋಬ್ಯಾಡ್ರಿ. ಇದು ಜಪಾನಿ ಪಿಚ್ಚರ್. ನಾ ನೋಡೀನಿ," ಅಂದ ಸಂಜು. ಲಗಮಪ್ಪ ಕೈ ಎತ್ತಿ ತಡೆಯುವಷ್ಟರಲ್ಲಿ ಜವಾಬಿನ ನುಡಿ ಹಿಡಿದೇಬಿಟ್ಟ. ಹೆಂಡತಿಗೆ ತಲೆ ಕೆಟ್ಟಿತ್ತು, ಬಂದವನೇ ಖರೆ ಗಂಡ, ಅವಳಿಗೆ ಗೊತ್ತಿದ್ದುದು ಬರೀ ಭ್ರಮೆ ಎಂದು ಹಾಡಿದ. ಕಂಠ ಚೆನ್ನಾಗಿತ್ತು. ಚಪ್ಪಾಳೆ ಬಿತ್ತು. ಫೋನ್ ಎತ್ತಿ ಹಿಡಿದು, ಬೇಕಾದವರು ಬಂದು ನೋಡಿಕೊಳ್ಳಲಿ ಎಂದ. ನಾಲ್ಕು ಹುಡುಗರು ಎದ್ದುಹೋಗಿ ನೋಡಿಯೂ ಬಂದರು.

ಹುಲೆಪ್ಪ ತಿರುಗಿ ಹೆಂಗಸರ ಸಾಲಿನ ಕಡೆ ನೋಡಿದ. ಮಗಳು ತನಗೆ ಒಂದು ಕೊನೆ ಹೇಳಿದ್ದಾಳೆ, ಫೋನಿನಲ್ಲಿ ಇನ್ನೊಂದು ಇದೆ. ಪಂಚರು ತಲೆ ಹತ್ತಿರ ತಂದು ಮಾತಾಡತೊಡಗಿದರು. ಜವಾಬು ಬಂದಂತಾಯಿತು, ಮೂಲ ಸಿನಿಮಾದಲ್ಲೇ ಹಾಗಿದೆಯಲ್ಲ ಎಂದು ಒಬ್ಬ ಪಂಚ ಅನ್ನುತ್ತಿದ್ದುದು ಹೆಂಗಸರ ಸಾಲಿನವರೆಗೂ ಕೇಳಿಸಿತು. ಮಾಲಾಗೆ ಹೋದ ವರ್ಷ ಉಪವಾಸ ಮಲಗಿದ್ದು ನೆನಪಾಯಿತು. ಈ ಸಲ ಹಾಗೆ ಮಲಗುವ ಮನಸ್ಸಿರಲಿಲ್ಲ. ಎದ್ದು, ಸೀರೆಯ ಮಣ್ಣು ಝಾಡಿಸಿ, ಪಂಚರ ಮುಂದೆ ಹೋಗಿ ನಿಂತಳು. ಈಕೆ ಯಾರೆಂದು ರಾಮಣ್ಣ ಮಾಸ್ತರ ಕೇಳಿದ. ಪದ ಕಟ್ಟಿದಾಕಿ ಎಂದಳು.

ಪಿಚ್ಚರ್ ತಾನೂ ನೋಡಿದ್ದೇನೆ, ಅದಕ್ಕೂ ಮೊದಲು ಅದರ ಪುಸ್ತಕ ಓದಿದ್ದೇನೆ, ಎರಡರ ಕೊನೆಯೂ ಬೇರೆ ಬೇರೆ ಎಂದು ಹೇಳಿದಳು. ಕಥೆ ಹೊರಗಿನದೆಂದು ಮೊದಲ ನುಡಿಯಲ್ಲೇ ಹಾಡಿದ್ದೇವೆ, ಕದ್ದದ್ದಲ್ಲ. ಆದರೆ ಸವಾಲು ಹಾಕಿದ್ದು ಪುಸ್ತಕವೂ ಅಲ್ಲ, ಪಿಚ್ಚರೂ ಅಲ್ಲ, ಈ ಪದ. ಜವಾಬು ಈ ಪದದೊಳಗಿನಿಂದಲೇ ಬರಬೇಕು.

"ಸಂಜು ಅವರ ಪಿಚ್ಚರಿನ್ಯಾಗ ನಾಯಿ ಇಲ್ರಿ," ಅಂದಳು. "ನಮ್ಮ ಪದದಾಗ ಸರಪಳಿ ಐತಿ, ನಾಯಿಲ್ಲ. ಅದು ಎಲ್ಲಿ ಹೋತು ಅಂತ ಅವರ ಜವಾಬಿನ್ಯಾಗ ಬರಲಿಲ್ಲ. ಲಗಮಪ್ಪ ಕಾಕಾರನ್ನ ಕೇಳ್ರಿ. ಕುರುಬರ ಮನ್ಯಾಗ ಬರೇ ಸರಪಳಿ ಯಾಕಿರತೈತಿ?"

ಸಂಜು ಏನೋ ಹೇಳಹೋದ. ಲಗಮಪ್ಪ ಅವನ ಅಂಗಿ ಹಿಡಿದು ಕೂಡಿಸಿದ. ಆಮೇಲೆ ಮುಂದಕ್ಕೆ ಬಾಗಿದ. ಬೆರಳಿನಿಂದ ನೆಲದ ಮೇಲೆ ಒಂದು ಮನೆ ಬರೆದಂತೆ ಮಾಡಿದ. ಇಲ್ಲಿ ಬಾಗಿಲು, ಇಲ್ಲಿ ಗೂಟ, ಹಿಂದೆ ಹಿತ್ತಿಲು. ಹಿತ್ತಿಲಿನ ಹತ್ತಿರ ಬೆರಳು ನಿಂತಿತು.

"ಗಂಡ ಸತ್ತಾನ," ಅಂದ ಮೆಲ್ಲಗೆ. "ಮನಿ ಹಿಂದ ಅದಾನ. ನಾಯಿ ಅಲ್ಲೇ ಹೋಗಿ ಕುಂದರತಿತ್ತು. ಅದಕ ಕಳಿಸಿಬಿಟ್ಟಾಳ." ತಲೆ ಎತ್ತಿ ಮಾಲಾಳನ್ನು ನೋಡಿದ. "ಅಕೀನ ಕೊಂದಾಳಲ್ಲೇನ ಯವ್ವಾ?"

ಹೌದ್ರಿ ಎಂದಳು ಮಾಲಾ.

ಹೆಂಗಸರ ಸಾಲಿನಲ್ಲಿ ಯಾರೋ, ಭಾಳ ಛಲೋ ಮಾಡಿದ್ಲು, ಅಂದರು. ಅದು ಪದ ಕಟ್ಟಿದವಳಿಗೋ ಪದದೊಳಗಿನವಳಿಗೋ ತಿಳಿಯಲಿಲ್ಲ. ನಗು ಎದ್ದಿತು.

ಪಂಚರಿಗೆ ಈಗ ಹೊಸ ತಲೆನೋವು. ಸಂಜುವಿನ ಜವಾಬು ತಪ್ಪು, ಲಗಮಪ್ಪನದು ಸರಿ. ಅರ್ಧ ತಾಸು ಇನ್ನೂ ಮುಗಿದಿರಲಿಲ್ಲ. ಸರಿಯಾದ ಜವಾಬು ಬಂದಿದೆ ಎಂದು ತೆಗೆದುಕೊಳ್ಳಬಹುದಲ್ಲ ಎಂದು ರಾಮಣ್ಣ ಮಾಸ್ತರ ಲಗಮಪ್ಪನನ್ನೇ ಕೇಳಿದ. ಮಾಲಾಗೆ ಆಗ ಹೊಳೆಯಿತು. ಜವಾಬು ತೋರಿಸಿಕೊಟ್ಟವಳು ತಾನೇ. ಬಾಯಿ ಮುಚ್ಚಿಕೊಂಡು ಸೋಲುವ ಬದಲು ಬಾಯಿ ಬಿಟ್ಟು ಸೋತಂತಾಗುತ್ತಿತ್ತು.

ಲಗಮಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಜವಾಬು ನಮ್ಮದಲ್ರಿ ಮಾಸ್ತರ," ಅಂದ. "ಸರಪಳಿ ಸಾಲು ನಾನೂ ಕೇಳಿದ್ನಿ. ಮನೀ ವರ್ಣನಾ ಅಂತ ಬಿಟ್ಟುಬಿಟ್ಟೆ. ಅಕಿ ಬೆರಳ ಮಾಡಿ ತೋರಿಸಿದ ಮ್ಯಾಲೆ ತಿಳೀತು. ತೋರಿಸಿದ ಮ್ಯಾಲೆ ಯಾವ ಕುರುಬಗರೆ ತಿಳಿಯಂಗಿಲ್ಲ?" ಸಂಜುವಿನ ಕಡೆ ತಿರುಗಿ, ಡೊಳ್ಳು ಇಳಸ್ಲೇ ಅಂದ.

ಸಂಜು ಇಳಿಸಿದ. ಮೂರು ವರ್ಷದ ಮೇಲೆ ಲಗಮಪ್ಪನ ಡೊಳ್ಳು ನೆಲ ಮುಟ್ಟಿತು. ಹುಲೆಪ್ಪ ಎದ್ದುಹೋಗಿ ಲಗಮಪ್ಪನ ಕಾಲು ಮುಟ್ಟಿದ. ಇಬ್ಬರೂ ಹತ್ತು ಮಾತು ಆಡಿರಬೇಕು, ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಇನ್ನು ಕೊನೆಯ ನುಡಿ. ಸಾಬಣ್ಣ ಲಯ ಹಿಡಿದ. ಹುಲೆಪ್ಪ ಕಿವಿಯ ಮೇಲೆ ಕೈಯಿಟ್ಟು ಎತ್ತಿಕೊಂಡ. ಊರ ಹೆಸರು ಬಂತು, ಗುರುವಿನ ಹೆಸರು ಬಂತು. ಹೆಂಗಸರ ಸಾಲಿಗೆ ಮರಳಿದ್ದ ಮಾಲಾ ನೆಲ ನೋಡುತ್ತ ಕೂತಿದ್ದಳು. ಅಪ್ಪ ಮಾತು ಕೊಟ್ಟಿದ್ದ, ಆದರೆ ಇಪ್ಪತ್ತೈದು ವರ್ಷದ ಬಾಯಿ ಎಲ್ಲಿಗೆ ಹೊರಳೀತೋ ಯಾರಿಗೆ ಗೊತ್ತು. ಆ ಜಾಗಕ್ಕೆ ಬಂದಾಗ ಹುಲೆಪ್ಪನ ದನಿ ಒಂದು ಏಟಿನಷ್ಟು ತಡವರಿಸಿತು. ಸಾಬಣ್ಣ ಒಂದು ಸುತ್ತು ಹೆಚ್ಚಿಗೆ ಬಾರಿಸಿ ಅವನಿಗೆ ಜಾಗ ಕೊಟ್ಟ.

"ಹುಲೆಪ್ಪನ ಮಗಳ ಮಾಲವ್ವ ಮಾಡಿದ ಪದ," ಎಂದು ಹುಲೆಪ್ಪ ಹಾಡಿದ. ಮೇಳದವರು ಅದನ್ನು ಎತ್ತಿಕೊಂಡರು. ಮೂರು ಸಲ ಹಾಡುವುದು ರೂಢಿ, ಅವರು ಐದು ಸಲ ಹಾಡಿದರು.

ಟಂಟಂ ಗಾಡಿಯಲ್ಲಿ ಊರಿಗೆ ಮರಳುವಾಗ ಸಂಜೆಯ ಬಿಸಿಲು ಕಬ್ಬಿನ ಸೂಲಂಗಿ ಹೂವಿನ ಮೇಲಿತ್ತು. ಸಾಬಣ್ಣ ಡೊಳ್ಳಿಗೆ ಒರಗಿ ನಿದ್ದೆ ಹೋಗಿದ್ದ. ಅಪ್ಪನ ಪಕ್ಕ ಕೂತಿದ್ದ ಮಾಲಾ ಮುಧೋಳದವರೆಗೆ ತಡೆದುಕೊಂಡು, ಆಮೇಲೆ ಕೇಳಿದಳು. "ನನ್ನ ಹೆಸರ ಮಾಲಾ, ಮಾಲವ್ವ ಅಲ್ಲ. ನಿನ್ನ ಹೆಸರ ಯಾಕ ಅದರಾಗ ಸೇರಿಸಿದಿ?"

"ಬರೇ ಮಾಲಾ ಅಂದ್ರ ಒಂದು ಏಟು ಖಾಲಿ ಬೀಳತೈತಿ," ಅಂದ ಹುಲೆಪ್ಪ. ತನ್ನ ಹೆಸರಿನ ಬಗ್ಗೆ ಏನೂ ಹೇಳಲಿಲ್ಲ.

ಅವಳು ನಂಬಲಿಲ್ಲ. ತೊಡೆಯ ಮೇಲೆ ಬೆರಳು ಬಡಿಯುತ್ತ ಸಾಲನ್ನು ಎರಡೂ ರೀತಿ ಹೇಳಿ ನೋಡಿದಳು. ಬರೀ ಮಾಲಾ ಅಂದಾಗ ಏಟು ನಿಜವಾಗಿಯೂ ಖಾಲಿ ಬೀಳುತ್ತಿತ್ತು. ಹುಲೆಪ್ಪನ ಮಗಳ ಎಂಬುದನ್ನು ತೆಗೆದು ಅಲ್ಲಿ ಬೇರೆ ಏನು ಹಾಕಬಹುದೆಂದು ಯೋಚಿಸುತ್ತ ಹೋದಳು. ಊರು ಬರುವಷ್ಟರಲ್ಲಿ ಒಂದು ಹೊಳೆಯಿತು, ಆದರೆ ಆಗ ಹಸಿವೆ ಜೋರಾಗಿತ್ತು. ಮನೆಗೆ ಹೋದವಳೇ ಕೈ ತೊಳೆದುಕೊಂಡು, ಅವ್ವ ಬಡಿಸುವ ತನಕವೂ ಕಾಯದೆ, ಬುಟ್ಟಿಯಿಂದ ಎರಡು ರೊಟ್ಟಿ ತೆಗೆದುಕೊಂಡು ಕೂತಳು.